ಬಿಚ್ಚಿ ಜೋಡಿಸುವ ಸುಖ

ಹೊಸ ವಸ್ತುವನ್ನು ಕೊಳ್ಳುವುದರಲ್ಲಿಯೂ ಒಂದು ಸಂತೋಷವುಂಟೆಂಬುದನ್ನು ನಾನು ಅಲ್ಲಗಳೆಯುವವನಲ್ಲ. ಆದರೆ ಆ ಸಂತೋಷವು ಅಂಗಡಿಯ ಹೊಸ್ತಿಲಿನಿಂದ ಹೊರಟು ಮನೆಯ ಹೊಸ್ತಿಲನ್ನು ಮುಟ್ಟುವಷ್ಟರಲ್ಲಿಯೇ ಅರ್ಧ ಕರಗಿರುತ್ತದೆ. ಯಾರೋ ಒಬ್ಬನು ಅರ್ಧ ಆಯುಷ್ಯ ತುಳಿದು, ಕಡೆಗೆ ಗೋಡೆಗೆ ಒರಗಿಸಿ ಮರೆತ ಹಳೆಯ ಸೈಕಲ್ಲೊಂದನ್ನು ಮನೆಗೆ ತಂದು, ಅದರ ಒಂದೊಂದೇ ಅವಯವವನ್ನು ಕಳಚಿ, ತೊಳೆದು, ಉಜ್ಜಿ, ಎಣ್ಣೆಯೂಡಿ, ಮತ್ತೆ ಅದರದರ ಸ್ಥಾನದಲ್ಲಿ ಕೂಡಿಸಿ, ಅದು ದಾರಿಗಿಳಿದು ಓಡುವಂತೆ ಮಾಡುವ ಸುಖವಾದರೋ ಕೆಲಸ ಸಾಗಿದಂತೆಲ್ಲ ಬೆಳೆಯುತ್ತ ಹೋಗುವಂಥದು. ಆ ಸುಖದ ಸ್ವರೂಪವೇನು, ಅದು ಎಲ್ಲಿಂದ ಹುಟ್ಟುತ್ತದೆ ಎಂಬುದನ್ನು ವಿಚಾರಿಸುವುದೇ ಈ ಬರಹದ ಉದ್ದೇಶ.

ನಮ್ಮೂರು ಕುಂಭಾರಿಯು ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಹೋಗುವ ದಾರಿಯ ಮೇಲಿದೆ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ, ಪೇಟೆಯಲ್ಲಿ ಅವೆರಡರ ಜೊತೆಗೆ ತೆಲುಗು ಹಿಂದಿಗಳು ಕೇಳಿಬರುವ ಈ ಸೀಮೆಯು ಸೈಕಲ್ಲಿಗೆ ಹೇಳಿ ಮಾಡಿಸಿದ ನೆಲ. ಎತ್ತ ನೋಡಿದರೂ ಎರೆಯ ಹೊಲ. ಏರೆಂದರೆ ಅಲ್ಪಸ್ವಲ್ಪ ಏರು, ಇಳಿವೆಂದರೆ ಅಷ್ಟೇ ಇಳಿವು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸೊಲ್ಲಾಪುರದಲ್ಲಿ ಬಟ್ಟೆಯ ಗಿರಣಿಗಳು ತಲೆಯೆತ್ತಿದ ಮೇಲೆ, ಗಿರಣಿಯ ಸೈರನ್ನಾದ ಭೋಂಗಾ ಕೂಗುವ ಹೊತ್ತಿಗೆ ಅದರ ಬಾಗಿಲನ್ನು ಮುಟ್ಟಬೇಕಾದ ಶ್ರಮಜೀವಿಗಳ ನಗರವಾಗಿ ಅದು ಬೆಳೆಯಿತು. ಮುಂದೆ ಸೈಕಲ್ಲು ಕೈಗೆಟುಕುವಂತಾದಾಗ ಅದು ಆ ಶ್ರಮಜೀವಿಗಳ ವಾಹನವಾಯಿತು. ಕಾಲಕ್ರಮದಲ್ಲಿ ಲಕ್ಷ್ಮೀ-ವಿಷ್ಣು ಗಿರಣಿಯಂಥ ದೊಡ್ಡ ಗಿರಣಿಗಳು ಮುಚ್ಚಿಹೋದವು. ಬೀಡಿ ಕಟ್ಟುವ ಹೆಣ್ಣುಮಕ್ಕಳಿಗಾಗಿ ನಮ್ಮೂರಿನಲ್ಲಿ ಎದ್ದ ಗೋದೂತಾಯಿ ಪರುಳೇಕರ ವಸಾಹತಿನ 10,000 ಮನೆಗಳು 2006ರಲ್ಲಿ ಅವರ ಕೈಸೇರಿದವು. ಅಲ್ಲಿಂದೀಚೆಗೆ ಕುಂಭಾರಿಯ ಮುಖವೇ ಬದಲಾಗಿ, ದಾರಿಯ ತುಂಬ ಈಗ ಮೋಟಾರು ಬೈಕುಗಳ ಸಂಚಾರ. ಹಳೆಯ ಸೈಕಲ್ಲುಗಳಾದರೋ ಅಟ್ಟವನ್ನೋ ಕೊಟ್ಟಿಗೆಯನ್ನೋ ಸೇರಿ, ಕೊನೆಗೆ ತೂಕದ ಲೆಕ್ಕದಲ್ಲಿ ಮೋಡಕಾ ಎಂಬ ಗುಜರಿ ಅಂಗಡಿಗೆ ಹೋಗುತ್ತಿವೆ.

ಹಳೆಯ ಸೈಕಲ್ಲನ್ನು ಹೀಗೆ ತೂಕಕ್ಕೆ ಹಾಕದೆ ಉಳಿಸಿಕೊಳ್ಳುವವರೂ ಇದ್ದಾರೆ. ಅಮೆರಿಕದಲ್ಲಿ 1933ರಲ್ಲಿ ಶಿಕಾಗೋದ ಶ್ವಿನ್ ಕಂಪನಿಯವರು ದಪ್ಪ ಬಲೂನು ಟೈರಿನ ಸೈಕಲ್ಲನ್ನು ತಂದರು. ಅದರ ಸಂತತಿಯೇ ಕ್ರೂಸರ್ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು; ಅಲ್ಲಿಯ ಹವ್ಯಾಸಿಗಳು ಇಂದಿಗೂ ಅದನ್ನು ಹುಡುಕಿ ತಂದು ಜೀರ್ಣೋದ್ಧಾರ ಮಾಡುತ್ತಾರೆ. ನಮ್ಮಲ್ಲಿ ಆ ಸ್ಥಾನವು ಇಂಗ್ಲೆಂಡಿನಿಂದ ಬಂದ ಕರಿಯ ಬಣ್ಣದ, 28 ಇಂಚು ಗಾಲಿಯ, ನೆಟ್ಟಗೆ ಕೂತು ತುಳಿಯುವ ರೋಡ್‌ಸ್ಟರಿನದು. ರ‍್ಯಾಲೇ, ಹಂಬರ್, ಫಿಲಿಪ್ಸ್, ಬಿ.ಎಸ್.ಎ. ಮುಂತಾದವು ಹಡಗಿನಲ್ಲಿ ಬರುತ್ತಿದ್ದವು. ಅನಂತರ ಮದ್ರಾಸಿನ ಅಂಬತ್ತೂರಿನಲ್ಲಿ 1949ರಲ್ಲಿ ಸ್ಥಾಪಿತವಾದ ಟಿ.ಐ. ಸೈಕಲ್ಸ್‌ನ ಹರ್ಕ್ಯುಲಿಸ್, ಆಸನ್ಸೋಲಿನ ಸೆನ್-ರ‍್ಯಾಲೇ, 1951ರಿಂದ ಸೋನೀಪತದ ಅಟ್ಲಾಸ್, 1956ರಿಂದ ಲುಧಿಯಾನದ ಹೀರೋ ಇವು ಅದೇ ಅಚ್ಚನ್ನು ಹಿಡಿದು ನಮ್ಮ ಹಳ್ಳಿಹಳ್ಳಿಗೆ ತಲುಪಿದವು. ಈ ಅಚ್ಚು ಅಷ್ಟು ಕಾಲ ಬದಲಾಗದೆ ಉಳಿದದ್ದಕ್ಕೆ ಕಾರಣವುಂಟು. ಮುಂದಿನ ಚಿಮಟವು ಹೆಚ್ಚು ಬಾಗಿರುವುದರಿಂದಲೂ, ಎರಡು ಗಾಲಿಗಳ ನಡುವಣ ಅಂತರವು ದೀರ್ಘವಾಗಿರುವುದರಿಂದಲೂ ಕಲ್ಲುದಾರಿಯ ಕುಲುಕಾಟವು ಸವಾರನ ಬೆನ್ನನ್ನು ಮುಟ್ಟುವ ಮೊದಲೇ ಬಹುಮಟ್ಟಿಗೆ ಶಮನವಾಗುತ್ತದೆ; ಬ್ರೇಕಿನಲ್ಲಿ ತಂತಿಯ ಬದಲು ಉಕ್ಕಿನ ಸಲಾಕೆಗಳಿರುವುದರಿಂದ ದಶಕಗಳು ಕಳೆದರೂ ಅದು ಹರಿಯುವ ಮಾತಿಲ್ಲ.

ನನ್ನ ಕೈಗೆ ಬಂದದ್ದು ಒಂದು ರ‍್ಯಾಲೇ. ಫ್ರಾಂಕ್ ಬೌಡೆನ್ ಎಂಬಾತನು 1888ರಲ್ಲಿ ನಾಟಿಂಗ್‌ಹ್ಯಾಮಿನಲ್ಲಿ ಸ್ಥಾಪಿಸಿದ ಆ ಕಂಪನಿಯ ಗುರುತೆಂದರೆ ಬಕಪಕ್ಷಿಯ ತಲೆ. ಮುಂದಿನ ಚೈನ್‌ಚಕ್ರದ ನಡುವೆ ಮೂರು ಬಕಗಳ ಕೊರಳುಗಳು ಉಕ್ಕಿನಲ್ಲಿಯೇ ಕೊರೆದಂತೆ ನಿಂತಿರುತ್ತವೆ. ಜಿಡ್ಡು, ಧೂಳು, ಹೊಟ್ಟುಗಳು ಸೇರಿ ಕರ್ರಗೆ ಗಟ್ಟಿಯಾಗಿದ್ದ ಪದರವನ್ನು ಬಿದಿರಿನ ಚೂರಿನಿಂದ ಕೆರೆಯುತ್ತ ಕೂತಿದ್ದಾಗ, ಮೊದಲು ಒಂದು ಕೊಕ್ಕು, ಆಮೇಲೆ ಕಣ್ಣಿನ ಸ್ಥಾನ, ಆಮೇಲೆ ಬಳುಕಿದ ಕತ್ತು ಹೀಗೆ ಪಕ್ಷಿಯು ಸಾವಕಾಶವಾಗಿ ಪ್ರಕಟವಾದ ಗಳಿಗೆಯ ಆನಂದವನ್ನು ನಾನು ಬೇರೆ ಯಾವ ವಿನೋದದಲ್ಲಿಯೂ ಕಂಡಿಲ್ಲ.

ಇಂಥ ಯಂತ್ರವನ್ನು ಬಿಚ್ಚುವವನಿಗೆ ಮೊದಲ ಪರೀಕ್ಷೆಯೆಂದರೆ ಕಾಟರ್ ಪಿನ್ನು. ಪೆಡಲಿನ ತೋಳನ್ನು ಅಚ್ಚಿಗೆ ಬಂಧಿಸುವ ಈ ಗೇಣಿಗಿಂತಲೂ ಬಹಳ ಚಿಕ್ಕದಾದ ಬೆಣೆಗೆ ಒಂದು ಮಗ್ಗುಲು ಇಳಿಜಾರಾಗಿ ಚಪ್ಪಟೆಯಾಗಿರುತ್ತದೆ. ತುದಿಯ ನಟ್ಟನ್ನು ಬಿಗಿದಷ್ಟೂ ಅದು ಒಳಕ್ಕೆ ಕಚ್ಚಿಕೊಳ್ಳುತ್ತದೆ. ವರ್ಷಾನುಗಟ್ಟಲೆ ತುಕ್ಕು ಕೂತ ಮೇಲೆ ಪಿನ್ನೂ ತೋಳೂ ಒಂದೇ ಲೋಹವಾದಂತೆ ಬೆಸೆದುಕೊಂಡಿರುತ್ತವೆ. ಅಕ್ಕಲಕೋಟೆ ರಸ್ತೆಯಲ್ಲಿ ಬಹುಕಾಲದಿಂದ ಸೈಕಲ್ ರಿಪೇರಿ ಮಾಡುತ್ತಿರುವ ವೃದ್ಧ ಮಿಸ್ತ್ರಿಯೊಬ್ಬರಲ್ಲಿ ನಾನು ಈ ವಿದ್ಯೆಯನ್ನು ಕಲಿತೆ.

“ಮಿಸ್ತ್ರಿಕಾಕಾ, ಇದು ಹೊರಗ ಬರತೈತೇನ್ರಿ?” ಎಂದು ಕೇಳಿದೆ.

“ಯಾಕ ಬರಂಗಿಲ್ಲ, ತಮ್ಮಾ? ರಾತ್ರಿಯೆಲ್ಲಾ ಘಾಸ್ಲೇಟಿನ್ಯಾಗ ನೆನೀಲಿ. ಮುಂಜಾನಿ ತೋಳಿನ ಕೆಳಗ ಕಟ್ಟಿಗಿ ಆಸರಾ ಕೊಡು. ಆಸರಾ ಇಲ್ಲದ ಬಡದ್ರ ಏಟೆಲ್ಲಾ ಒಳಗಿನ ಬಟ್ಟಲಕ್ಕ ಹೊಕ್ಕತೈತಿ. ಆಸರಾ ಇದ್ರ ಒಂದ ಏಟು ಸಾಕು.”

ಅವರ ಮಾತಿನಂತೆ ನಟ್ಟನ್ನು ಪಿನ್ನಿನ ತುದಿಗೆ ಸಮನಾಗಿ ತಂದು, ತೋಳಿನ ಕೆಳಗೆ ಬೇವಿನ ತುಂಡನ್ನು ನಿಲ್ಲಿಸಿ, ಸುತ್ತಿಗೆಯಿಂದ ನೇರವಾದ ಒಂದು ಪೆಟ್ಟನ್ನು ಕೊಟ್ಟಾಗ ಪಿನ್ನು ಜಾರಿ ಕೆಳಗುರುಳಿತು. ಬಲವನ್ನು ಎಲ್ಲಿ ಪ್ರಯೋಗಿಸಬೇಕೆಂಬುದಕ್ಕಿಂತ ಎಲ್ಲಿ ತಡೆದು ಹಿಡಿಯಬೇಕೆಂಬ ಅರಿವೇ ಕುಶಲಿಗನ ಲಕ್ಷಣವೆಂದು ನನಗೆ ಅಂದು ಮನದಟ್ಟಾಯಿತು.

ತೋಳು ಕಳಚಿದ ಮೇಲೆ ಅಚ್ಚಿನ ಗರ್ಭಗೃಹವು ತೆರೆದುಕೊಳ್ಳುತ್ತದೆ. ಅಲ್ಲಿ ಬಲಕ್ಕೆ 11, ಎಡಕ್ಕೆ 11, ಒಂದೊಂದೂ ಕಾಲಿಂಚು ವ್ಯಾಸದ ಉಕ್ಕಿನ ಛರ್ರೆಗಳು ಹಳೆಯ ಗ್ರೀಸಿನಲ್ಲಿ ಹುದುಗಿರುತ್ತವೆ. ಘಾಸ್ಲೇಟಿನಲ್ಲಿ, ಎಂದರೆ ಸೀಮೆಎಣ್ಣೆಯಲ್ಲಿ, ತೊಳೆದು ಅಂಗೈಯಲ್ಲಿ ಹರಡಿ ಬಿಸಿಲಿಗೆ ಹಿಡಿದರೆ, ಮಂಕಾದವು ಯಾವುವು, ಹೊಳಪುಳ್ಳವು ಯಾವುವು ಎಂಬುದು ಕೂಡಲೇ ತಿಳಿಯುತ್ತದೆ. ಒಂದು ಸವೆದಿದ್ದರೂ ಇಡಿಯ ವರಸೆಯನ್ನೇ ಬದಲಿಸುವುದು ಪದ್ಧತಿ, ಏಕೆಂದರೆ ಗಾತ್ರದಲ್ಲಿ ಹಿರಿದಾದ ಹೊಸ ಗುಂಡೊಂದೇ ಭಾರವನ್ನೆಲ್ಲ ಹೊರಬೇಕಾಗುತ್ತದೆ. ಛರ್ರೆಗಳು ಎಲ್ಲಿ ಬೇಕಾದರೂ ದೊರೆಯುತ್ತವೆ. ಆದರೆ ಅವು ಕೂರುವ ಬಟ್ಟಲು ಸವೆದಿದ್ದರೆ ಹುಡುಕಾಟವು ದೊಡ್ಡದು: ಬೇರೆ ಕಂಪನಿಗಳ ಬಟ್ಟಲಿಗೆ ಇಂಚಿಗೆ 24 ಥ್ರೆಡ್ಡುಗಳಿದ್ದರೆ, ರ‍್ಯಾಲೇ ತನ್ನದಕ್ಕೆ 26 ಥ್ರೆಡ್ಡುಗಳನ್ನು ಇಟ್ಟುಕೊಂಡಿತ್ತು. ಇಂಥ ಹುಡುಕಾಟದ ನೆಪದಲ್ಲಿ ಸೊಲ್ಲಾಪುರದ ಹಳೆಯ ಅಂಗಡಿಗಳನ್ನು ಹೊಕ್ಕು, ಹಿರಿಯರ ಮಾತುಗಳನ್ನು ಕೇಳುತ್ತ ಕೂರುವುದು ಈ ಹವ್ಯಾಸದ ದೊಡ್ಡ ಲಾಭಗಳಲ್ಲೊಂದು.

ಬಣ್ಣದ ವಿಷಯದಲ್ಲಿ ನನ್ನ ಅಭಿಪ್ರಾಯವು ದೃಢವಾಗಿದೆ. ಚೌಕಟ್ಟನ್ನು ಪೂರ್ತಿ ಕೆರೆದು ಹೊಸ ಬಣ್ಣ ಬಳಿಸುವವರಿದ್ದಾರೆ. ಹಾಗೆ ಮಾಡಿದ ಸೈಕಲ್ಲು ಸುಂದರವಾಗಿ ಕಾಣುವುದೂ ಉಂಟು. ಆದರೆ ಕುಲುಮೆಯ ಶಾಖದಲ್ಲಿ ಬೇಯಿಸಿದ ಆ ಹಳೆಯ ಕಪ್ಪಿನ ಮೇಲೆ, ಕೈನುರಿತ ಕೆಲಸಗಾರನೊಬ್ಬನು ರಂಗೋಲಿಯ ಎಳೆಯಂತೆ ಒಂದೇ ಉಸಿರಿನಲ್ಲಿ ಎಳೆದ ಬಂಗಾರದ ಗೆರೆಯು ಅಲ್ಲಲ್ಲಿ ಅಳಿದಿದ್ದರೂ, ಅದನ್ನು ಅಳಿಸಿ ಹಾಕುವ ಅಧಿಕಾರವು ನನಗಿಲ್ಲವೆಂದು ನನಗೆ ತೋರುತ್ತದೆ. ಮೇಲಿನ ಕೊಳವೆಯ ನಡುವೆ ಬಣ್ಣ ಸವೆದು ಲೋಹ ಕಾಣುವ ಜಾಗದಲ್ಲಿ ಯಾವುದೋ ಮಗುವು ಟವೆಲ್ಲಿನ ಮೇಲೆ ಕೂತು ಶಾಲೆಗೆ ಹೋಗಿರಬೇಕು. ಕ್ಯಾರಿಯರಿನ ಬಲಮಗ್ಗುಲು ತುಸು ಜೋಲಿರುವುದಕ್ಕೆ ಚಾದರದ ಗಂಟುಗಳು ಕಾರಣವಿರಬೇಕು. ಅವನ್ನು ಹಾಗೆಯೇ ಉಳಿಸಿ, ತುಕ್ಕನ್ನು ಮಾತ್ರ ಕಳೆಯುತ್ತೇನೆ. ಹೊಳಪಿನ ರಿಮ್ಮು, ಹ್ಯಾಂಡಲ್ಲುಗಳಿಗೆ ಅಲ್ಯೂಮಿನಿಯಮ್ ಹಾಳೆಯನ್ನು ಮುದ್ದೆ ಮಾಡಿ ನೀರಿನಲ್ಲಿ ಅದ್ದಿ ಉಜ್ಜಿದರೆ ಸಾಕು. ಅಲ್ಯೂಮಿನಿಯಮ್ ಕ್ರೋಮಿಗಿಂತ ಮೆದುವಾದ್ದರಿಂದ ತುಕ್ಕು ಹೋಗುತ್ತದೆ, ಮೆರುಗು ಉಳಿಯುತ್ತದೆ. ಒಣಗಿ ಬಿರುಸಾದ ತೊಗಲಿನ ಸೀಟಿಗೆ ಔಡಲೆಣ್ಣೆಯನ್ನು ಒಳಮಗ್ಗುಲಿನಿಂದ, ಬಟ್ಟೆಯ ತುದಿಯಲ್ಲಿ ಅದ್ದಿದಷ್ಟನ್ನೇ ಸವರಬೇಕು. ಅತಿಯಾದರೆ ತೊಗಲು ಜೋಲುಬಿದ್ದು ಮತ್ತೆ ಸೆಟೆಯದು.

ಈ ಕೆಲಸಗಳಲ್ಲೆಲ್ಲ ನನಗೆ ಅತ್ಯಂತ ಪ್ರಿಯವಾದದ್ದು ಗಾಲಿಯ ಔಟ್ ತೆಗೆಯುವುದು, ಎಂದರೆ ಅದರ ಸೊಟ್ಟವನ್ನು ನೇರಮಾಡುವುದು. ಇಂಗ್ಲಿಷ್ ರೋಡ್‌ಸ್ಟರುಗಳಲ್ಲಿ ಮುಂದಿನ ಗಾಲಿಗೆ 32, ಹಿಂದಿನದಕ್ಕೆ ಭಾರ ಹೆಚ್ಚಾದ್ದರಿಂದ 40 ಕಡ್ಡಿಗಳು. ಎತ್ತಿನ ಬಂಡಿಯ ಗಾಲಿಯಲ್ಲಿ ಅರೆಗಳು ಒತ್ತಡದಿಂದ ಭಾರ ಹೊತ್ತರೆ, ಇಲ್ಲಿ ತೆಳುವಾದ ತಂತಿಗಳು ಬಿಗಿಯಾಗಿ ಎಳೆದು ನಿಂತು ಹೊರುತ್ತವೆ. ಕಡ್ಡಿಗಳನ್ನು ಒಂದರ ಮೇಲೊಂದು ಹಾಯುವಂತೆ ಓರೆಯಾಗಿ ಹೆಣೆಯುವ ಕ್ರಮಕ್ಕೆ ಜೇಮ್ಸ್ ಸ್ಟಾರ್ಲಿಯು 1874ರಲ್ಲಿಯೇ ಪೇಟೆಂಟು ಪಡೆದಿದ್ದನು. ಗಾಲಿಯನ್ನು ತಿರುಗಿಸಿ, ರಿಮ್ಮಿನ ಪಕ್ಕಕ್ಕೆ ಸೀಮೆಸುಣ್ಣವನ್ನು ಹಿಡಿದರೆ, ಎಲ್ಲಿ ಹೊರಕ್ಕೆ ಬಾಗಿದೆಯೋ ಅಲ್ಲಿ ಬಿಳಿಯ ಗುರುತು ಬೀಳುತ್ತದೆ. ಅಲ್ಲಿಯ ಕಡ್ಡಿಯನ್ನು ಸಡಿಲಿಸಿ, ಎದುರು ಮಗ್ಗುಲಿನದನ್ನು ಅಷ್ಟೇ ಬಿಗಿಯಬೇಕು; ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚಿಲ್ಲ. ಬೆರಳಿನಿಂದ ಮೀಟಿದಾಗ ಒಂದೇ ಮಗ್ಗುಲಿನ ಕಡ್ಡಿಗಳೆಲ್ಲ ಹತ್ತಿರಹತ್ತಿರದ ಸ್ವರವನ್ನು ಕೊಡಲಾರಂಭಿಸಿದರೆ ಗಾಲಿಯು ಸಮಸ್ಥಿತಿಗೆ ಬಂದಿತೆಂದು ತಿಳಿಯಬೇಕು. ಕೊನೆಗೆ ಗಾಲಿಯನ್ನು ಎತ್ತಿ ಹಿಡಿದು ಸುಮ್ಮನೆ ಬಿಟ್ಟರೆ, ಟ್ಯೂಬಿನ ವಾಲಿನ ಅತ್ಯಲ್ಪ ತೂಕವೇ ಅದನ್ನು ತಿರುಗಿಸಿ, ಅತ್ತಿತ್ತ ತೂಗಾಡಿಸಿ, ತಾನು ಕೆಳಗೆ ಬಂದು ನಿಲ್ಲುತ್ತದೆ. ಬಿಗಿಯೂ ಸಡಿಲವೂ ಹದವಾಗಿವೆಯೆಂಬುದಕ್ಕೆ ಇದಕ್ಕಿಂತ ಉತ್ತಮವಾದ ಪ್ರಮಾಣವಿಲ್ಲ.

ಹೀಗೆ ಸಜ್ಜಾದ ಸೈಕಲ್ಲನ್ನು ಏರಿ ವಳಸಂಗದ ಕಡೆಗೆ ಹೊರಟರೆ, ಮುಂದೆ 48, ಹಿಂದೆ 18 ಹಲ್ಲುಗಳಿರುವುದರಿಂದ ಪೆಡಲಿನ ಒಂದು ಸುತ್ತಿಗೆ ಸುಮಾರು 6 ಮೀಟರು ನೆಲ ಹಿಂದೆ ಸರಿಯುತ್ತದೆ. ಅವಸರಕ್ಕೆ ಒಗ್ಗದ, ಆಯಾಸಕ್ಕೂ ಎಡೆಗೊಡದ ಗತಿಯದು. ಜೋಳದ ತೆನೆ ಯಾವ ಹೊಲದಲ್ಲಿ ಹಾಲುಗಟ್ಟಿದೆ, ಯಾವುದರಲ್ಲಿ ಬಲಿತಿದೆ ಎಂಬುದನ್ನು ನೋಡುತ್ತ, ಎದುರಾದವರನ್ನು ಹೆಸರು ಹಿಡಿದು ಮಾತಾಡಿಸುತ್ತ ಸಾಗಬಹುದು.

ಈ ಸುಖದ ಮೂಲವನ್ನು ಈಗ ಹೇಳಬಲ್ಲೆನು. ಈ ಯಂತ್ರವನ್ನು ಕಟ್ಟಿದವರು, ಇದು ಒಂದು ದಿನ ಕೆಡುವುದು, ಆಗ ಯಾವನೋ ಒಬ್ಬನು ಸಾಮಾನ್ಯವಾದ ಪಾನಾ, ಸುತ್ತಿಗೆಗಳನ್ನು ಹಿಡಿದು ಇದರ ಮುಂದೆ ಕೂರುವನು ಎಂಬುದನ್ನು ಮೊದಲೇ ಭಾವಿಸಿ, ಆತನಿಗೆ ಸಾಧ್ಯವಾಗುವಂತೆ ಕಟ್ಟಿದರು. ಬಿಚ್ಚಲಾಗದ ಮೂಲೆ ಇದರಲ್ಲಿಲ್ಲ. ಬದಲಿಸಲಾಗದ ಅವಯವ ಇದರಲ್ಲಿಲ್ಲ. ಮುಚ್ಚಿ ಬೆಸೆದು ಕೊಟ್ಟು, ಕೆಟ್ಟರೆ ಎಸೆಯಿರಿ ಎನ್ನುವ ವಸ್ತುಗಳು ನಮ್ಮ ಮನೆಗಳನ್ನು ತುಂಬುತ್ತಿರುವ ಈ ಕಾಲದಲ್ಲಿ ಆ ವಿಶ್ವಾಸವು ಎಷ್ಟು ದೊಡ್ಡದೆಂಬುದನ್ನು ಬಿಚ್ಚಿ ನೋಡಿದವನೇ ಬಲ್ಲನು. ಆದಕಾರಣ ನಾನು ಪ್ರತಿಯೊಂದು ನಟ್ಟನ್ನು ಬಿಗಿಯುವ ಮುನ್ನ ಅದರ ಥ್ರೆಡ್ಡಿಗೂ, ಕಾಟರ್ ಪಿನ್ನಿನ ಮೈಗೂ ತೆಳುವಾಗಿ ಗ್ರೀಸು ಸವರುತ್ತೇನೆ. ಇದರಿಂದ ನನ್ನ ಸವಾರಿಗೆ ಹೆಚ್ಚಿನ ಪ್ರಯೋಜನವೇನೂ ಇಲ್ಲ. ನನ್ನ ಅನಂತರ ಇದನ್ನು ಬಿಚ್ಚುವವನಿಗೆ ಮಾತ್ರ ಕೆಲಸವು ಸುಲಭವಾಗುತ್ತದೆ, ಮತ್ತು ಕಟ್ಟಿದವರು ನನ್ನ ವಿಷಯದಲ್ಲಿ ತೋರಿದ ಆದರವನ್ನು ನಾನು ಅವನಿಗೆ ಸಲ್ಲಿಸಿದಂತಾಗುತ್ತದೆ.