ಅಳಿಯನ ಸಾಲ, ಮಾವನ ಹೆಸರು

ಬಿ.ಸಿ. ರೋಡ್, ಬಂಟ್ವಾಳ
ಭಾನುವಾರ ಬೆಳಿಗ್ಗೆ



ನಿಮ್ಮ ಕಾಗದ ಗುರುವಾರವೇ ಕೈಸೇರಿತು. ಎರಡು ಸಲ ನಾನೇ ಓದಿಕೊಂಡೆ, ಮೂರನೇ ಸಲ ನನ್ನಾಕೆಗೆ ಓದಿ ಹೇಳಿದೆ. ಹಪ್ಪಳದ ಹಿಟ್ಟು ನಾದುತ್ತಿದ್ದವಳು ಕೈ ನಿಲ್ಲಿಸಿ, "ಇದು ನಮ್ಮದೇ ಕತೆ ಅಲ್ವಾ?" ಎಂದಳು. ಹೌದು ಮಾರಾಯ್ರೆ, ಊರು ಬೇರೆ, ಗಾಡಿ ಬೇರೆ, ಅಷ್ಟೆ.

ಜೊತೆಗೆ ಕೆಲಸ ಮಾಡುವವನು ಕಾರು ತೆಗೆಯುವಾಗ "ರೆಫರೆನ್ಸಿಗೆ ಒಂದು ಹೆಸರು ಬೇಕಂತೆ" ಎಂದು ನಿಮ್ಮ ಆಧಾರ್ ಕೇಳಿದ. ಮೊಬೈಲಿಗೆ ಬಂದ ಓಟಿಪಿಯನ್ನು ನೀವು ಫೋನಿನಲ್ಲೇ ಹೇಳಿದಿರಿ. ಈಗ ಅವನು ಮೂಡುಬಿದಿರೆ ಬಿಟ್ಟಿದ್ದಾನೆ, ನಾಲ್ಕು ಕಂತು ಬಾಕಿಯೆಂದು ನೋಟಿಸು ನಿಮಗೆ ಬಂದಿದೆ. "ನಾನು ಯಾವ ಕಾಗದಕ್ಕೂ ಸಹಿ ಹಾಕಿಲ್ಲ. ಆದರೂ ಮನೆ ಬಾಗಿಲಿಗೆ ಜನ ಬರುವುದು ಬೇಡ, ಒಂದೆರಡು ಕಂತು ಕಟ್ಟಿ ಬಾಯಿ ಮುಚ್ಚಿಸಲೇ?" ಎಂದು ಕೇಳಿದ್ದೀರಿ.

ಕಟ್ಟಬೇಡಿ. ಉಳಿದದ್ದೆಲ್ಲ ಆಮೇಲೆ. ಒಂದು ರೂಪಾಯಿ ಕಟ್ಟಿದರೂ ನಾಳೆ "ಜಾಮೀನು ಒಪ್ಪಿದ್ದಕ್ಕೇ ಅಲ್ವಾ ಕಟ್ಟಿದ್ದು" ಎಂದು ವಾದಿಸಲು ಅವರ ಕೈಗೆ ನೀವೇ ರಶೀದಿ ಕೊಟ್ಟ ಹಾಗಾಗುತ್ತದೆ. ನಾನು ಕಟ್ಟಲು ಹೊರಟಿದ್ದೆ. ತಡೆದದ್ದು ಹಪ್ಪಳದ ಹಿಟ್ಟಿನ ಈ ಕೈಯೇ.

ನಮ್ಮ ಕತೆ ಹೀಗೆ. 2019ರ ಶುರುವಿಗೆ ಅಕ್ಕನ ಮಗ ಒಂದು ಪಿಕಪ್ ತೆಗೆದ. ಅಕ್ಕನನ್ನು ಕೊಟ್ಟದ್ದು ಬೆಳ್ತಂಗಡಿ ತಾಲೂಕಿಗೆ, ವೇಣೂರಿನ ಕಡೆಗೆ. ಚಾರ್ಮಾಡಿ ಘಾಟಿ ಹತ್ತಿ ಮೇಲಿನಿಂದ ತರಕಾರಿ ತರುವುದು, ಉಜಿರೆ, ಗುರುವಾಯನಕೆರೆ, ಮಡಂತ್ಯಾರಿನ ಅಂಗಡಿಗಳಿಗೆ ಹಾಕುವುದು, ಇದು ಅವನ ಲೆಕ್ಕಾಚಾರ. ಕೆಟ್ಟ ಲೆಕ್ಕವೇನೂ ಅಲ್ಲ. ಹೊಸ ಗಾಡಿಗೆ ಧರ್ಮಸ್ಥಳದಲ್ಲಿ ಪೂಜೆ ಮಾಡಿಸಿ, ಪ್ರಸಾದ ಹಿಡಿದುಕೊಂಡು ನೇರ ನಮ್ಮ ಮನೆಗೇ ಬಂದಿದ್ದ. ನಾವು ಗಾಡಿಗೆ ಒಂದು ಸುತ್ತು ಬಂದು ನೋಡಿದೆವು, ನನ್ನಾಕೆ ಪಾಯಸ ಮಾಡಿದಳು. ಆ ಗಾಡಿಯೊಳಗೆ ನನ್ನ ಹೆಸರೂ ಕೂತುಕೊಂಡೇ ಬಂದಿದೆ ಎಂದು ನನಗೆ ಗೊತ್ತಿರಲಿಲ್ಲ.

ಆ ವರ್ಷದ ಆಗಸ್ಟಿನ ಮಳೆ ನಿಮಗೂ ನೆನಪಿರಬೇಕು. ಚಾರ್ಮಾಡಿಯಲ್ಲಿ ಗುಡ್ಡ ಜಾರಿ ರಸ್ತೆ ಬಂದಾಯಿತು, ಸಣ್ಣ ವಾಹನ ಬಿಡುವುದಕ್ಕೇ ಬಹಳ ದಿನ ಹಿಡಿಯಿತು. ರಸ್ತೆ ಸುಧಾರಿಸುವಷ್ಟರಲ್ಲಿ ಲಾಕ್‌ಡೌನ್. 2020ರ ಮಾರ್ಚಿನಿಂದ ಮೂರು ತಿಂಗಳು, ಮತ್ತೆ ಮೂರು ತಿಂಗಳು ಕಂತು ಮುಂದೂಡಲು ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿತಲ್ಲ, ಆಗ ಎಷ್ಟೋ ಮಂದಿ ಕಂತೇ ಮನ್ನಾ ಆಯಿತೆಂದು ತಿಳಿದರು. ನಮ್ಮ ಹುಡುಗನೂ ಹಾಗೇ ತಿಳಿದ. ಬಡ್ಡಿ ಮಾತ್ರ ಒಂದು ದಿನವೂ ರಜೆ ಹಾಕಿರಲಿಲ್ಲ. ಕೊನೆಗೊಂದು ದಿನ ಪುಂಜಾಲಕಟ್ಟೆಯ ಹತ್ತಿರ ಸೀಝಿನವರು ಗಾಡಿ ಅಡ್ಡ ಹಾಕಿ ಕೀ ಕಿತ್ತುಕೊಂಡರು. ವಸೂಲಿಗೆ ದಾಂಡಿಗರನ್ನು ಕಳಿಸುವ ಚಾಳಿಯನ್ನು ಸುಪ್ರೀಂ ಕೋರ್ಟು 2007ರಲ್ಲೇ ಖಂಡಿಸಿತ್ತು. ಆ ತೀರ್ಪು ಪುಂಜಾಲಕಟ್ಟೆಯವರೆಗೆ ಬಂದಿರಲಿಲ್ಲ. ಗಾಡಿ ಸಿಕ್ಕಿದ ರೇಟಿಗೆ ಹೋಯಿತು, ಉಳಿದ ಬಾಕಿ 1,86,400 ರೂಪಾಯಿ. 2021ರ ಮಳೆಗಾಲದಲ್ಲಿ ನನಗೆ ಬಂದ ನೋಟಿಸಿನಲ್ಲಿ ಈ ಅಂಕಿಯ ಮೇಲೆ ನನ್ನ ಹೆಸರು, ಹೆಸರಿನ ಮುಂದೆ "ಜಾಮೀನುದಾರರು".

ಮೊದಲು ಹುಟ್ಟಿದ್ದು ಸಿಟ್ಟಲ್ಲ, ನಾಚಿಕೆ. ಪೋಸ್ಟ್‌ಮ್ಯಾನ್ ಓದಿರಬಹುದೇ ಎಂಬ ನಾಚಿಕೆ. ನಾನೇ ಎಲ್ಲೋ ಸಹಿ ಹಾಕಿ ಮರೆತಿದ್ದೇನೆಯೇ ಎಂದು ನನ್ನ ಮೇಲೇ ಅನುಮಾನ.

ಒಪ್ಪಂದದ ಪ್ರತಿ ಕೊಡಿ ಎಂದು ಸಾಲ ಕೊಟ್ಟ ಕಂಪೆನಿಗೆ ಬರೆದೆ. ಉತ್ತರ ಇಲ್ಲ. ಎರಡನೇ ಕಾಗದಕ್ಕೆ ಪ್ರತಿ ಬಂತು, ಹದಿನಾಲ್ಕು ಪುಟ. ಕೊನೆಯ ಪುಟದಲ್ಲಿ ನನ್ನ ಸಹಿ, ಇಂಗ್ಲಿಷಿನಲ್ಲಿ! ಮೂವತ್ತೊಂದು ವರ್ಷ ಶಾಲೆಯ ಹಾಜರಿ ಪುಸ್ತಕದಲ್ಲಿ, ಸಂಬಳದ ಪಟ್ಟಿಯಲ್ಲಿ, ಬ್ಯಾಂಕಿನಲ್ಲಿ ನಾನು ಕನ್ನಡ ಬಿಟ್ಟು ಬೇರೆ ಸಹಿ ಹಾಕಿದವನಲ್ಲ. ಇವನು ಯಾರೋ ಇನಿಶಿಯಲ್ ಹಿಂದೆ ಮುಂದೆ ಮಾಡಿ, ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದ. ಅದಕ್ಕೆ ಲಗತ್ತಿಸಿದ ಆಧಾರ್ ಜೆರಾಕ್ಸನ್ನು ಕನ್ನಡಕ ಹಾಕಿ ನೋಡಿದೆ. ವಿಳಾಸ ನಮ್ಮ ಹಳೆಯ ಬಾಡಿಗೆ ಮನೆಯದ್ದು. ಮೂಲೆಯಲ್ಲಿ ಪೆನ್ನಿನ ಗೀಚು, ಪಕ್ಕದಲ್ಲಿ ಸ್ಟೇಪ್ಲರಿನ ಎರಡು ತೂತುಗಳ ನೆರಳು. ಆ ಗೀಚು ನನ್ನದೇ, ಪೆನ್ನು ಬರೆಯುತ್ತದೋ ಎಂದು ನೋಡಿದ್ದು. ಅಳಿಯನಿಗೆ ಸಿಮ್ ತೆಗೆಯಲು ಹಿಂದೆಂದೋ ಕೊಟ್ಟ ಪ್ರತಿ ಅದು. ಯಾರು, ಎಂತದು ಎಂದು ಇನ್ನು ಯಾರನ್ನೂ ಕೇಳಬೇಕಾಗಿರಲಿಲ್ಲ.

ಅಳಿಯಸಂತಾನದ ಊರು ನಮ್ಮದು. ಮಾವನ ಆಸ್ತಿ ಅಳಿಯನಿಗೆ ಹೋಗುವುದನ್ನು ಇಲ್ಲಿ ತಲೆತಲಾಂತರದಿಂದ ಕಂಡಿದ್ದೇವೆ. ಅಳಿಯನ ಸಾಲ ಮಾವನಿಗೆ ಬರುವ ಕ್ರಮ ಯಾವ ಕಟ್ಟಿನಲ್ಲೂ ಇರಲಿಲ್ಲ.

ಅವನನ್ನು ಕರೆಸಿ ಎದುರು ಕೂರಿಸಿದೆ. ಬಹಳ ಹೊತ್ತು ಚಾವಡಿಯ ನೆಲ ನೋಡಿದ. ಆಮೇಲೆ ಹೇಳಿದ: "ಶೋರೂಮಿನಲ್ಲಿ ಲೋನ್ ಮಾಡಿಸುವ ಹುಡುಗ, ಶ್ಯೂರಿಟಿ ಬರೀ ಫಾರ್ಮಾಲಿಟಿ, ಮನೆಯವರದ್ದು ಯಾರದ್ದಾದರೂ ಆಧಾರ್ ಕೊಡಿ ಅಂದ. ನೀವು ಸರ್ಕಾರಿ ನೌಕರಿಯವರು ಅಂತ ನಿಮ್ಮದು ಕೊಟ್ಟೆ ಮಾವ. ಸಹಿ ನಾನು ಮಾಡಿದ್ದಲ್ಲ." ಕೊನೆಯ ಮಾತನ್ನು ನಾನು ನಂಬಿದೆ, ಈಗಲೂ ನಂಬುತ್ತೇನೆ. ಆದರೆ ಕೊಟ್ಟದ್ದು ಅವನೇ.

ಇಲ್ಲಿ ನನ್ನ ಅಪ್ಪನ ಒಂದು ವಿಷಯ ಹೇಳಬೇಕು. ಸೊಸೈಟಿಯಲ್ಲಿ ನೆರೆಮನೆಯವರ ಬೆಳೆಸಾಲಕ್ಕೆ ಅಪ್ಪ ಜಾಮೀನು ನಿಂತಿದ್ದರು. ನಾನಾಗ ಹುಡುಗ, ಜೊತೆಗೆ ಹೋಗಿದ್ದೆ. ಹೆಗಲಿಗೆ ಶಾಲು ಹಾಕಿಕೊಂಡು, ಮದುವೆಗೆ ಹೊರಟವರ ಹಾಗೆ ಹೋದರು. ಸೆಕ್ರೆಟರಿ ಕಾಗದವನ್ನು ಗಟ್ಟಿಯಾಗಿ ಓದಿ, "ಇವರು ಕಟ್ಟದಿದ್ದರೆ ನೀವು ಕಟ್ಟಬೇಕು, ಗೊತ್ತುಂಟಲ್ಲ?" ಎಂದು ಕೇಳಿದರು. "ಗೊತ್ತುಂಟು" ಎಂದು ಅಪ್ಪ ಹೇಳಿದ ಮೇಲೆಯೇ ಪೆನ್ನು ಕೊಟ್ಟದ್ದು. ನೆರೆಯವರಿಗೆ ಆ ಸಲ ಕೊಳೆರೋಗ ಬಂದು ಅಡಿಕೆ ಉದುರಿತು. ಅಪ್ಪ ನಮ್ಮ ಅಡಿಕೆ ಮಾರಿ ಕಟ್ಟಿದರು. ಮನೆಯಲ್ಲಿ ಆ ವರ್ಷ ಹೊಸ ಬಟ್ಟೆ ಇಲ್ಲ. ಆದರೂ ಅಪ್ಪ ಆ ನೆರೆಯವರನ್ನಾಗಲಿ ಸೊಸೈಟಿಯನ್ನಾಗಲಿ ಬೈದದ್ದು ನಾನು ಕೇಳಿಲ್ಲ.

ಕಾನೂನೂ ಅಪ್ಪನ ಹಾಗೆಯೇ ಖಡಕ್ಕು. 1872ರ ಕರಾರು ಕಾಯ್ದೆಯ 128ನೇ ಕಲಮಿನ ಪ್ರಕಾರ ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನದ್ದೂ ಅಷ್ಟೇ. ಮೊದಲು ಸಾಲಗಾರನನ್ನು ಹಿಡಿಯಿರಿ, ಆಮೇಲೆ ನನ್ನ ಹತ್ತಿರ ಬನ್ನಿ ಎನ್ನುವ ಹಾಗೂ ಇಲ್ಲ, 1969ರಲ್ಲಿ ಸುಪ್ರೀಂ ಕೋರ್ಟು ಅದನ್ನು ಸ್ಪಷ್ಟ ಮಾಡಿದೆ. ಇದರಲ್ಲಿ ಅನ್ಯಾಯವೇನೂ ನನಗೆ ಕಾಣುವುದಿಲ್ಲ. ಜಾಮೀನು "ನಿಲ್ಲುವುದು" ಎನ್ನುತ್ತೇವೆ ನೋಡಿ, ನಿಲ್ಲಬೇಕಾದರೆ ಮನುಷ್ಯ ಅಲ್ಲಿ ಇರಬೇಕಲ್ಲ? ಅಪ್ಪ ನಿಂತಿದ್ದರು, ಹಾಗಾಗಿ ಕಟ್ಟಿದರು. ನಾನು ನಿಂತೇ ಇರಲಿಲ್ಲ, ನನ್ನ ಜೆರಾಕ್ಸನ್ನು ನಿಲ್ಲಿಸಿದ್ದರು. ಅದೇ ಕಾಯ್ದೆಯ 126ನೇ ಕಲಮು ಜಾಮೀನನ್ನು ಕರಾರು ಎಂದು ಕರೆಯುತ್ತದೆ, ನಾನು ಒಪ್ಪದೆ ನನ್ನ ಮೇಲೆ ಕರಾರು ಹುಟ್ಟುವುದಿಲ್ಲ. ಸಹಿ ನಿಮ್ಮದೇ ಎನ್ನುವವರು ಅದನ್ನು ರುಜುವಾತು ಮಾಡಬೇಕು.

ಇನ್ನು ನಿಮ್ಮ ವಿಷಯ. ಬೇಸರ ಮಾಡಿಕೊಳ್ಳಬೇಡಿ, ನಿಮ್ಮದು ನನ್ನದಕ್ಕಿಂತ ಸ್ವಲ್ಪ ಕಷ್ಟದ್ದು. ಈಗ ಸಹಿಯೆಂದರೆ ಪೆನ್ನಲ್ಲ, ಆಧಾರಿಗೆ ಜೋಡಿಸಿದ ನಂಬರಿಗೆ ಬರುವ ಓಟಿಪಿಯೇ ಇ-ಸಹಿ. ಅದನ್ನು ನೀವು ಬಾಯಾರೆ ಹೇಳಿದ್ದೀರಿ. "ಒಪ್ಪಿಗೆ ಇತ್ತು" ಎಂದು ಅವರು ಹೇಳುವುದು ಇದನ್ನೇ ಹಿಡಿದು. ಆದರೆ ಆ ಮೆಸೇಜನ್ನು ದಯವಿಟ್ಟು ಅಳಿಸಬೇಡಿ. ಅದರಲ್ಲಿ ಏನು ಬರೆದಿತ್ತು ನೋಡಿ. ಜಾಮೀನು, ಗ್ಯಾರಂಟರ್, ಇಂಥ ಒಂದಾದರೂ ಪದ ಇತ್ತೇ? ಸಾಲ ಕೊಡುವವರೇ ಆಗಲಿ, ಅವರಿಗೆ ಗೊತ್ತಿದ್ದು ಬೇರೆಯವರೇ ಆಗಲಿ, ಸುಳ್ಳು ಹೇಳಿ ಪಡೆದ ಜಾಮೀನು ಸಿಂಧುವಲ್ಲ ಎಂದು 142ನೇ ಕಲಮು ಹೇಳುತ್ತದೆ. ರೆಫರೆನ್ಸ್ ಎಂದು ಹೇಳಿದ್ದು ಸಹೋದ್ಯೋಗಿ ಒಬ್ಬನೇಯೋ, ಲೋನಿನ ಏಜೆಂಟನೂ ಫೋನಿನಲ್ಲಿದ್ದನೋ ನೆನಪು ಮಾಡಿಕೊಳ್ಳಿ. ಏಜೆಂಟನ ಕೆಲಸಕ್ಕೆ ಕಂಪೆನಿಯೇ ಹೊಣೆ ಎಂಬುದು ರಿಸರ್ವ್ ಬ್ಯಾಂಕಿನ ನಿಯಮ.

ಕಂಪೆನಿಯ ದೂರು ಅಧಿಕಾರಿಗೆ ಕಾಗದ ಬರೆಯಿರಿ, ಇಮೇಲೂ ಮಾಡಿ. "ನಾನು ಈ ಸಾಲಕ್ಕೆ ಜಾಮೀನು ನಿಂತಿಲ್ಲ" ಎಂಬುದು ಮೊದಲ ವಾಕ್ಯ ಆಗಿರಲಿ. ಅರ್ಜಿಯ ಪ್ರತಿ, ಜಾಮೀನು ಪತ್ರ, ಓಟಿಪಿ ಯಾವ ಹೊತ್ತಿಗೆ ಯಾವ ಕಾಗದಕ್ಕೆ ಹೋಯಿತು ಎಂಬ ದಾಖಲೆ, ಎಲ್ಲವನ್ನೂ ಕೇಳಿ. ಸ್ಪೀಡ್ ಪೋಸ್ಟ್ ಮಾಡಿ ರಶೀದಿ ಇಟ್ಟುಕೊಳ್ಳಿ. ನಮ್ಮ ಹಳೆಯ ರಿಜಿಸ್ಟರ್ಡ್ ಪೋಸ್ಟು 2025ರಲ್ಲಿ ಅದರೊಳಗೇ ಸೇರಿಹೋಯಿತು, ನನಗಂತೂ ಮನೆಯ ಹಿರಿಯರೊಬ್ಬರು ಹೋದ ಹಾಗಾಯಿತು. ಮೂವತ್ತು ದಿನದಲ್ಲಿ ಉತ್ತರ ಬಾರದಿದ್ದರೆ, ಬಂದರೂ ಸಮಾಧಾನ ಆಗದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಇದ್ದಾರೆ. ಖರ್ಚಿಲ್ಲ, ವಕೀಲರೂ ಬೇಡ. ದಾರಿ ಕೇಳಲು 14448ಕ್ಕೆ ಫೋನ್ ಮಾಡಿದರೆ ಆಯಿತು.

ಸಿಬಿಲ್ ವರದಿ ತೆಗೆಸಿ ನೋಡಿ. ಸಾಲದ ಇಂಥ ವರದಿ ಕೊಡುವ ಕಂಪೆನಿಗಳು ದೇಶದಲ್ಲಿ ನಾಲ್ಕು, ಪ್ರತಿಯೊಂದೂ ವರ್ಷಕ್ಕೊಂದು ವರದಿಯನ್ನು ಪುಕ್ಕಟೆ ಕೊಡಬೇಕು. ನೀವು ಓಡಿಸದ ಕಾರು ಅಲ್ಲಿ ನಿಮ್ಮ ಹೆಸರಿನಡಿ ನಿಂತಿರುತ್ತದೆ. ಆರ್‌ಸಿಯಲ್ಲಿ ಮಾತ್ರ ನಿಮ್ಮ ಹೆಸರು ಎಲ್ಲೂ ಇರುವುದಿಲ್ಲ. ಮಾಲೀಕ ಅವನು, ಅಡಮಾನ ಕಂಪೆನಿಗೆ, ನಿಮಗೆ ಬರೀ ಬಾಕಿ. ತಪ್ಪು ತಿದ್ದಿ ಎಂದು ಅಲ್ಲೂ ಅರ್ಜಿ ಹಾಕಿ. ಮೂವತ್ತು ದಿನ ಮೀರಿದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕೆಂಬ ನಿಯಮ 2024ರ ಏಪ್ರಿಲಿನಿಂದ ಜಾರಿಯಲ್ಲಿದೆ. ನನ್ನ ಕಾಲಕ್ಕೆ ಅದು ಇರಲಿಲ್ಲ. ಇದ್ದಿದ್ದರೆ ಒಂದು ಮಿಕ್ಸಿ ಬರುತ್ತಿತ್ತು ಎನ್ನುತ್ತಾಳೆ ನನ್ನಾಕೆ.

ಚೆನ್ನೈಯಿಂದಲೋ ಮುಂಬೈಯಿಂದಲೋ ಮಧ್ಯಸ್ಥಗಾರರ ನೋಟಿಸು ಬಂದರೆ "ನನಗೆ ಸಂಬಂಧವಿಲ್ಲ" ಎಂದು ಮೂಲೆಗೆ ಎಸೆಯಬೇಡಿ. ಉತ್ತರ ಕೊಡದಿದ್ದರೆ ನೀವಿಲ್ಲದೆಯೇ ತೀರ್ಪು ಆಗಿ, ಜಾರಿಗೆಂದು ಇಲ್ಲಿಯ ಕೋರ್ಟಿಗೆ ಬರುತ್ತದೆ. ವ್ಯಾಜ್ಯದ ಒಂದು ಕಡೆಯವರೇ ತಮಗೆ ಬೇಕಾದ ಒಬ್ಬರನ್ನು ಮಧ್ಯಸ್ಥಗಾರರನ್ನಾಗಿ ಕೂರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು 2019ರಲ್ಲಿ ಹೇಳಿದೆ. ಆದರೆ ಆ ಆಕ್ಷೇಪವನ್ನು ನೀವು ಎತ್ತಿದರೆ ತಾನೆ?

ಪೊಲೀಸ್ ದೂರಿನ ಬಗ್ಗೆ ನೀವು ಕೇಳಲಿಲ್ಲ. ಯಾಕೆ ಕೇಳಲಿಲ್ಲ ಎಂದು ನನಗೆ ಗೊತ್ತು. ನಾನು ದೂರು ಬರೆದು ಹತ್ತು ದಿನ ಜೇಬಿನಲ್ಲಿ ಇಟ್ಟುಕೊಂಡು ತಿರುಗಿದೆ. ಅಕ್ಕ ಫೋನ್ ಮಾಡಿ ಅತ್ತಳು. "ಠಾಣೆ ಬೇಡ ತಮ್ಮಾ, ಕಾನತ್ತೂರಿಗೆ ಹೋಗುವ. ದೈವದ ಎದುರು ನಿಂತು ಅವನು ಹೇಳಲಿ" ಎಂದಳು. ಇಲ್ಲಿಯ ಎಷ್ಟೋ ಸಾಲದ ತಕರಾರು ಕಾಸರಗೋಡಿನ ಆ ನಾಲ್ವರ್ ದೈವಗಳ ಎದುರು ಮುಗಿದದ್ದುಂಟು, ಅದನ್ನು ಹಗುರ ಮಾಡುವವನು ನಾನಲ್ಲ. ಆದರೆ ನನ್ನ ತಕರಾರು ಅಳಿಯನ ಜೊತೆ ಮಾತ್ರ ಆಗಿರಲಿಲ್ಲ. ನನ್ನ ಹೆಸರನ್ನು ಇಂಗ್ಲಿಷಿನಲ್ಲಿ ಗೀಚಿದವನು ಶೋರೂಮಿನಲ್ಲಿದ್ದ, ಅವನು ಕಾನತ್ತೂರಿಗೆ ಬರುವವನಲ್ಲ. ದೂರು ಕೊಟ್ಟೆ, ಸ್ವೀಕೃತಿ ಪಡೆದೆ. ಆ ಸ್ವೀಕೃತಿಯ ಪ್ರತಿ ಕಂಪೆನಿಗೆ ಮುಟ್ಟಿದ ಮೇಲೆಯೇ ಅವರ ದನಿ ಇಳಿದದ್ದು. ಏಳು ತಿಂಗಳ ನಂತರ ನನ್ನ ಹೆಸರು ತೆಗೆದೆವೆಂದು ಒಂದೂವರೆ ಸಾಲಿನ ಕಾಗದ ಬಂತು. ಕ್ಷಮೆ ಎಂಬ ಪದ ಅದರಲ್ಲಿ ಇರಲಿಲ್ಲ.

ಅಕ್ಕ ಎರಡು ವರ್ಷ ಮಾತು ಬಿಟ್ಟಳು. ಮತ್ತೆ ಮಾತಾಡಿದ್ದು ನಮ್ಮ ಮನೆಯ ತಂಬಿಲ ಸೇವೆಯ ದಿನ, ಅದೂ "ಬಾಳೆಲೆ ಎಷ್ಟು ಕೊಯ್ಯಬೇಕು?" ಎಂದು. ಅಳಿಯ ಬಾಕಿಯನ್ನು ಮಾತಾಡಿ ಕಡಿಮೆ ಮಾಡಿಸಿ, ಸೊಸೈಟಿಯಲ್ಲಿ ಸಾಲ ಮಾಡಿ ತೀರಿಸಿದ. ಆ ಸಾಲಕ್ಕೆ ಶ್ಯೂರಿಟಿ ಬೇಕಾದಾಗ ಫಾರಂ ಹಿಡಿದುಕೊಂಡು ಬಂದ, ನನ್ನೆದುರು ಗಟ್ಟಿಯಾಗಿ ಓದಿದ. ನಾನು ಶಾಲು ಹುಡುಕಿ ಹೆಗಲಿಗೆ ಹಾಕಿಕೊಂಡೆ. ನನ್ನಾಕೆ ನನಗೆ ಹುಚ್ಚೆಂದಳು, ಈಗಲೂ ಅನ್ನುತ್ತಾಳೆ.

ಈ ಬುಧವಾರ ನೀವು ಸಿದ್ಧಕಟ್ಟೆ ಬಸ್ಸು ಹಿಡಿದು ಇಲ್ಲಿಗೆ ಬನ್ನಿ. ಕಾಗದ ಇಬ್ಬರೂ ಕೂತು ಬರೆಯುವ. ಫೋನ್ ತನ್ನಿ, ನೋಟಿಸು ತನ್ನಿ, ನೋಟಿಸು ಬಂದ ಲಕೋಟೆಯನ್ನೂ ತನ್ನಿ. ಯಾವ ದಿನ ಅಂಚೆಗೆ ಬಿತ್ತೆಂದು ಹೇಳುವುದು ಅದರ ಮೇಲಿನ ಅಂಚೆ ಮುದ್ರೆಯೇ. ಲಕೋಟೆ ಒಲೆಗೆ ಹಾಕಿಲ್ಲ ತಾನೆ?

ಇಂತಿ ನಿಮ್ಮ,
ಬಿ.ಸಿ. ರೋಡಿನ ಮೇಷ್ಟ್ರು