ನೀರು ಕಾಣದ ಅರಿವಿ

ಚಳಿ ಜೋರಾಗಿದೆ, ಒಲೆಯ ಹತ್ತಿರ ಸರಿದು ಕೂಡ್ರಿ. ಹೊಲಿಗೆ ಕಲಿಯಲು ಬಂದವರ ಕೈಗೆ ನಾನು ಮೊದಲು ಕೊಡುವುದು ಈ ಕೆಂಪು ಖಣದ ಕುರ್ತಾ. ಒಳಗೆ ಕೈ ಹಾಕಿ ನೋಡಿ. ಅಸ್ತರ ಅಲ್ಲಲ್ಲಿ ಗುಲಾಬಿ ಬಣ್ಣಕ್ಕೆ ತಿರುಗಿದೆ. ತಂದಾಗ ಅದು ಅಚ್ಚ ಬಿಳಿ ಇತ್ತು. ಅದು ಹೀಗಾದ ಕಥೆ ಹೇಳುತ್ತೇನೆ.

ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದೆ. ಅವ್ವ ತೀರಿಕೊಂಡ ವರ್ಷ ಆಕೆಯ ಟ್ರಂಕು ತೆಗೆದರೆ ತಳದಲ್ಲಿ ಖಣಗಳ ಗಂಟು. ಮದುವೆ, ಸೀಮಂತ, ಗೃಹಪ್ರವೇಶ ಅಂತ ಉಡಿ ತುಂಬಿಸಿಕೊಂಡಾಗ ಬಂದವು. ಕೊಟ್ಟವರು ಮೂರು ಮೂಲೆ ಮಾಡಿ ಮಡಚಿದ ಹಾಗೆಯೇ ಇದ್ದವು. ಇಳಕಲ್ ಸೀರೆಯ ಮೇಲೆ ಖಣದ ಕುಪ್ಪಸ ತೊಡುತ್ತಿದ್ದ ಆಕೆ ಇವನ್ನು ಹೊಲಿಸಿಕೊಂಡಿರಲಿಲ್ಲ. ಅಷ್ಟು ಚೆಂದದ ಬಟ್ಟೆ ಕತ್ತಲಲ್ಲಿ ಕೂತಿದ್ದು ಕಂಡು ಹೊಟ್ಟೆಯಲ್ಲಿ ಸಂಕಟವಾಯಿತು. ಈಗಿನ ಹುಡುಗಿಯರು ದಿನಾ ತೊಡುವ ಹಾಗೆ ಖಣದ ಕುರ್ತಾ ಮಾಡಿದರೆ ಹೇಗೆ ಎಂಬ ಯೋಚನೆ ಹುಟ್ಟಿದ್ದು ಅಲ್ಲಿಯೇ. ಆಗ ನನಗೆ ಗುಂಡಿ ಹಚ್ಚುವುದು ಬಿಟ್ಟರೆ ಬೇರೆ ಹೊಲಿಗೆ ಬರುತ್ತಿರಲಿಲ್ಲ.

ಬಾದಾಮಿಗೆ ಹೋಗಿ, ಅಲ್ಲಿಂದ ಬಸ್ಸು ಹಿಡಿದು ಗುಳೇದಗುಡ್ಡ ಮುಟ್ಟಿದೆ. ಓಣಿಯೊಳಗೆ ಕಾಲಿಡುತ್ತಲೇ ಮಗ್ಗದ ಸದ್ದು. ಒಬ್ಬ ಹಿರಿಯ ನೇಕಾರರು ಲಾಳಿ ನಿಲ್ಲಿಸಿ ಬಟ್ಟೆ ತೋರಿಸಿದರು. "ಹಾಸು ರೇಷ್ಮಿ, ಹೊಕ್ಕು ಹತ್ತಿ. ಹಿಂದಿನಿಂದ ಬಂದ ಪದ್ಧತಿ ಇದು ತಂಗಿ. ಕುಪ್ಪಸಕ್ಕಂತ ಹುಟ್ಟಿದ ಅರಿವಿ. ಅದಕ್ಕ ಎಷ್ಟು ಬೇಕೋ ಅಷ್ಟ ಅಗಲ ಐತಿ. ನಿನ್ನ ಕುರ್ತಾಕ್ಕ ತುಂಡು ಜೋಡಿಸಬೇಕಾಗ್ತೈತಿ, ನೋಡು." ಜೋಡಿಸುತ್ತೇನೆ ಅಂದೆ. ಆನೆಹೆಜ್ಜೆ, ಸೂಜಿಮಲ್ಲಿಗೆ, ತೇರು ಅಂತ ಒಂದೊಂದು ವಿನ್ಯಾಸದ ಹೆಸರು ಹೇಳುತ್ತ ಅವರು ಅಳೆದುಕೊಟ್ಟರು. ಕೂಡಿಟ್ಟ ಹಣದ ಅರ್ಧ ಅಲ್ಲಿಯೇ ಹೋಯಿತು.

ಖಣ ಮೈಗೆ ಸ್ವಲ್ಪ ಬಿರುಸು. ಒಳಗೆ ಅಸ್ತರ ಬೇಕು ಅಂತ ಪೇಟೆಯಲ್ಲಿ ತೆಳ್ಳನೆಯ ಬಿಳಿ ಹತ್ತಿ ಬಟ್ಟೆ ತಂದೆ. ನಮ್ಮ ಓಣಿಯ ಟೇಲರ್ ಮಾಸ್ತರು ಬಟ್ಟೆ ಮುಟ್ಟಿ ನೋಡಿ ಕೇಳಿದ್ದು ಒಂದೇ ಮಾತು: "ನೀರಾಗ ನೆನೆಸಿ ತಂದೀರೇನ್ರೀ ಅಕ್ಕಾರ?"

ದೀಪಾವಳಿಗೆ ಮುಂಚಿನ ಪ್ರದರ್ಶನಕ್ಕೆ ಒಂದು ಮೇಜು ಹಿಡಿದಿದ್ದೆ. ಅದಕ್ಕೆ ಉಳಿದದ್ದು 12 ದಿನ. ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಲು ಎರಡು ದಿನ ಹೋಗುತ್ತವೆ. ಅಲ್ಲದೆ ಗಂಜಿಯ ಹೊಳಪು ಹೋದರೆ ಬಟ್ಟೆ ಹಳೆಯದು ಅನ್ನಿಸೀತೆಂಬ ಭಯ. "ಹೊತ್ತಿಲ್ಲ ಮಾಸ್ತರ್, ಹಂಗ ಕತ್ತರಿಸ್ರಿ" ಅಂದೆ. ಅವರು ಒಂದು ಗಳಿಗೆ ಸುಮ್ಮನಿದ್ದು ಕತ್ತರಿ ಎತ್ತಿಕೊಂಡರು.

ಮಾಡಿಸಿದ್ದು 24 ಕುರ್ತಾ. ಪ್ರದರ್ಶನದಲ್ಲಿ 21 ಮಾರಾಟವಾದವು. ಕೊಂಡವರೆಲ್ಲರ ಹೆಸರು, ಫೋನ್ ನಂಬರು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಆ ರಾತ್ರಿ ಅವ್ವನ ಫೋಟೋದ ಮುಂದೆ ಹಣ ಇಟ್ಟು ಬಹಳ ಹೊತ್ತು ಕೂತಿದ್ದೆ.

ಮೂರು ವಾರದ ಮೇಲೆ ಒಂದು ಸಂಜೆ ಬಾಗಿಲು ತಟ್ಟಿದ ಸದ್ದು. ಪ್ರದರ್ಶನದಲ್ಲಿ ಎಲ್ಲರಿಗಿಂತ ಮೊದಲು ಕೊಂಡವರು. ಚೀಲದಿಂದ ಕುರ್ತಾ ತೆಗೆದು ನನ್ನ ಮಡಿಲಲ್ಲಿಟ್ಟರು. ಕೆಳಗಿನ ಅಂಚು ಮೇಲಕ್ಕೆ ಎಳೆದುಕೊಂಡು ಸುಕ್ಕುಗಟ್ಟಿತ್ತು. ಅಸ್ತರದ ತುಂಬ ಕೆಂಪು ಕಲೆ. "ಒಂದ ಸಲ ಒಗದೀನ್ರೀ, ಅದೂ ತಣ್ಣೀರಾಗ. ಮಗಳು ಹುಟ್ಟಿದ ಹಬ್ಬಕ್ಕ ಹಾಕೋಬೇಕಂತ ಆಸೆಪಟ್ಟಿದ್ಲು" ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾಗಿದ್ದರೆ ನನಗೆ ಸ್ವಲ್ಪ ಹಗುರಾಗುತ್ತಿತ್ತು.

ಅವರು ಹೋದ ಮೇಲೆ ಮಾರದೆ ಉಳಿದ ಮೂರರಲ್ಲಿ ಒಂದನ್ನು ಬಕೆಟ್ಟಿನ ನೀರಿಗೆ ಹಾಕಿದೆ. ಅದೇ ಈ ಕುರ್ತಾ. ನೋಡುನೋಡುತ್ತಿದ್ದಂತೆ ನೀರು ಕುಂಕುಮ ಕದಡಿದ ಹಾಗೆ ಆಯಿತು. ಬೆಳಿಗ್ಗೆ ಒಣಗಿದಾಗ ಅಂಚು ಅದೇ ರೀತಿ ಮುದುಡಿತ್ತು. ಅಂದರೆ ಉಳಿದ 20 ಮನೆಗಳಲ್ಲೂ ಇಂದಲ್ಲ ನಾಳೆ ಹೀಗೇ ಆಗಬೇಕು.

ನೋಟ್‌ಬುಕ್ ತೆಗೆದೆ. ಮೊದಲ ಫೋನಿಗೆ ಕೈ ನಡುಗಿತು, ಐದನೆಯದರ ಹೊತ್ತಿಗೆ ಮಾತು ನೆಟ್ಟಗಾಯಿತು: "ನನ್ನಿಂದ ತಪ್ಪಾಗಿದೆ. ಒಗೆಯಬೇಡಿ, ತಂದುಕೊಡಿ, ಸರಿ ಮಾಡಿಕೊಡುತ್ತೇನೆ. ಬೇಡವಾದರೆ ಹಣ ತಗೊಳ್ಳಿ." ನಾಲ್ವರು ಹಣ ತೆಗೆದುಕೊಂಡರು. ಮೊದಲು ಬಂದದ್ದೂ ಸೇರಿ ತಿದ್ದಲಿಕ್ಕೆ 17 ಕುರ್ತಾಗಳು ವಾಪಸು ಬಂದವು.

ಮಾಸ್ತರ ಅಂಗಡಿಗೆ ಮೂಟೆ ಹೊತ್ತು ಹೋದೆ. ಅವರು ನನ್ನನ್ನು ಬೈಯಲಿಲ್ಲ, ಸ್ಟೂಲ್ ಎಳೆದು ಕೂರಿಸಿದರು. "ಗಿರಣಿಯೊಳಗ ಅರಿವಿ ಎಳಕೊಂತ ಒಣಗಿಸಿರ್ತಾರ ಅಕ್ಕಾರ. ಮ್ಯಾಲ ಗಂಜಿ. ನೀರು ಕುಡದ ಕೂಡ್ಲೆ ನೂಲು ಸಡಲಾಗಿ ತನ್ನ ಮೂಲ ಅಳತಿಗೆ ಬರ್ತೈತಿ. ಖಣದ ಲೆಕ್ಕ ಬ್ಯಾರೆ, ಅಸ್ತರದ ಲೆಕ್ಕ ಬ್ಯಾರೆ. ಎರಡನ್ನೂ ಕೂಡಿಸಿ ಹೊಲದ್ರ ಒಂದು ಇನ್ನೊಂದನ್ನ ಜಗ್ಗತೈತಿ."

ಅಸ್ತರದ ಉಳಿದ ತುಂಡಿನ ಮೇಲೆ ಪೆನ್ನಿನಿಂದ 50 ಸೆಂಟಿಮೀಟರಿನ ಒಂದು ಚೌಕ ಬರೆಸಿದರು. ಒಗೆದು, ಒಣಗಿಸಿ ಮತ್ತೆ ಅಳೆದೆ. ಉದ್ದ ನಲವತ್ತೇಳೂವರೆಗೆ ಇಳಿದಿತ್ತು. ಖಣದ ತುಂಡಿನಲ್ಲಿ ಹೋದದ್ದು ಬರೀ ಅರ್ಧ ಸೆಂಟಿಮೀಟರು. ಒಂದು ಮೀಟರ್ ಉದ್ದದ ಕುರ್ತಾದಲ್ಲಿ ಈ ವ್ಯತ್ಯಾಸ ನಾಲ್ಕು ಸೆಂಟಿಮೀಟರ್. ಅಷ್ಟೇ ಸಾಕಾಗಿತ್ತು, ಅಂಚು ಮುದುಡಲಿಕ್ಕೆ. ಬೆರಳಿನ ಅಗಲದ ಈ ಲೆಕ್ಕವನ್ನು ವರ್ಷಗಟ್ಟಲೆ ಲೆಕ್ಕ ಬರೆದ ನಾನು ಮಾಡಿರಲಿಲ್ಲ.

ಹೊಲಿಗೆ ಬಿಚ್ಚಲು ಮಾಸ್ತರು ನನಗೇ ಕಲಿಸಿದರು. ಖಣದ ಎಳೆ ಹರಿಯದ ಹಾಗೆ, ಮೂರು ಹೊಲಿಗೆಗೊಂದು ದಾರ ಕತ್ತರಿಸಿ, ಹಿಂದಿನಿಂದ ಎಳೆಯಬೇಕು. ಆ 17 ಕುರ್ತಾಗಳ ಒಳಗನ್ನೆಲ್ಲ ನೋಡಿದ ಮೇಲೆಯೇ ತೋಳು ಹೇಗೆ ಕೂಡುತ್ತದೆ, ಕೊರಳಿನ ಪಟ್ಟಿ ಯಾಕೆ ಓರೆ ಕತ್ತರಿಸುತ್ತಾರೆ ಎಂಬುದು ನನ್ನ ಕೈಗೆ ತಿಳಿದದ್ದು. ಖಣವನ್ನು ಬೇರೆಯಾಗಿ ನೆನೆಸಿ, ಬಣ್ಣ ಬಿಡುವುದು ನಿಲ್ಲುವ ತನಕ ಜಾಲಿಸಿದೆವು. ಕೆಂಪು ಅಸ್ತರ ತಂದು ಎರಡು ಸಲ ಒಗೆದೆವು. ಈ ಸಲ ಕೆಳಗಿನ ಅಂಚಿನಲ್ಲಿ ಎರಡನ್ನೂ ಸೇರಿಸಿ ಹೊಲಿಯಲಿಲ್ಲ. ಖಣಕ್ಕೆ ಅದರದೇ ಮಡಿಕೆ, ಅಸ್ತರಕ್ಕೆ ಅದರದೇ ಮಡಿಕೆ. ಇನ್ನು ಯಾವುದು ಕುಗ್ಗಿದರೂ ಇನ್ನೊಂದನ್ನು ಜಗ್ಗುವಂತಿಲ್ಲ.

ಗಳಿಸಿದ್ದೆಲ್ಲ ಇದರಲ್ಲೇ ಹೋಯಿತು, ಕೈಯಿಂದಲೂ ಒಂದಿಷ್ಟು ಬಿತ್ತು. ಮೊದಲ ಸಲ ಬೆಲೆ ಕಟ್ಟುವಾಗ ಖಣ, ಅಸ್ತರ, ಹೊಲಿಗೆ ಇಷ್ಟನ್ನೇ ಹಿಡಿದಿದ್ದೆ. ಬಸ್ಸಿನ ಖರ್ಚು, ನನ್ನ ದಿನಗಳು, ನೆನೆಸಿ ಒಣಗಿಸುವ ಹೊತ್ತು, ಕೆಟ್ಟರೆ ತಿದ್ದಿಕೊಡುವ ಹಣ ಇವು ಯಾವುವೂ ಅದರಲ್ಲಿರಲಿಲ್ಲ. ಈಗ ಬೆಲೆಯ ಚೀಟಿ ಬರೆಯುವಾಗ ಇವನ್ನೆಲ್ಲ ಹಿಡಿದೇ ಬರೆಯುತ್ತೇನೆ. ಕೊಳ್ಳುವವರು ಕೇಳಿದರೆ ಬಿಡಿಸಿ ಹೇಳುತ್ತೇನೆ.

ಎಲ್ಲ ಮುಗಿದ ಮೇಲೆ, ಮೊದಲು ಕುರ್ತಾ ತಂದಿಟ್ಟಿದ್ದ ಆ ಅಕ್ಕನ ಮನೆಗೆ ನಾನೇ ಹೋದೆ. ಮಗಳು ಕುರ್ತಾ ತೊಟ್ಟು ಹೊರಗೆ ಬಂದಳು. ತಾಯಿ ಆಕೆಯನ್ನು ತಿರುಗಿಸಿ, ಅಂಚು ಮಗುಚಿ ಒಳಗಿನ ಅಸ್ತರ ನೋಡಿದರು, ಬೆರಳಿನಿಂದ ಜಗ್ಗಿ ನೋಡಿದರು. ಆಮೇಲೆ ಒಳಗೆ ಹೋಗಿ ತಟ್ಟೆ ತಂದು, ನನ್ನ ಹಣೆಗೆ ಕುಂಕುಮವಿಟ್ಟು ಉಡಿ ತುಂಬಿದರು. ಅಕ್ಕಿ, ಕೊಬ್ಬರಿ ಬಟ್ಟಲು, ಮೂರು ಮೂಲೆ ಮಾಡಿ ಮಡಚಿದ ಒಂದು ಹಸಿರು ಖಣ.

ಅದನ್ನು ಟ್ರಂಕಿನಲ್ಲಿ ಇಡಲಿಲ್ಲ. ಮನೆಗೆ ಬಂದವಳೇ ಮಡಿಕೆ ಬಿಚ್ಚಿ ನೀರಿಗೆ ಹಾಕಿದೆ. ಈಗ ನಾನು ತೊಟ್ಟಿರುವ ಕುಪ್ಪಸ ಅದರದೇ.