ಹಸಿರು ಬಾಗಿಲು

ನಮ್ಮ ಮನೆಯ ಮುಂಬಾಗಿಲಿಗೆ ಹಸಿರು ಬಣ್ಣವಿತ್ತು. ಪುಣೆ ಕ್ಯಾಂಪಿನ ಈಸ್ಟ್ ಸ್ಟ್ರೀಟಿನ ಹಿಂದಿನ ಹಳೇ ಕಟ್ಟಡ. ಮಳೆಗಾಲ ಬಂತೆಂದರೆ ಬಾಗಿಲು ಉಬ್ಬಿ, ಭುಜ ಕೊಟ್ಟು ನೂಕಿದರೇನೇ ತೆರೆಯುತ್ತಿತ್ತು. ನನ್ನ ಮಾತು ಒಂದೇ: "ಹೆಂಗಿದ್ರೂ ಧಾರವಾಡಕ್ಕ ಹೋಗೋದದ, ಇದಕ್ಯಾಕ ಖರ್ಚು?" ಹೀಗನ್ನುತ್ತ ಇಪ್ಪತ್ತೆರಡು ವರ್ಷ ಕಳೆದವು. ಊರಿನಲ್ಲಿ ತಮ್ಮ ನಮಗಾಗಿ ಮಾಳಿಗೆಯ ಖೋಲಿಯೊಂದನ್ನು ಖಾಲಿ ಇಟ್ಟೇ ಇದ್ದ.

ಕಳೆದ ದೀಪಾವಳಿ ಮುಗಿದು ಗಾಳಿ ಒಣಗಿದ ಮೇಲೆ, ಏನನ್ನಿಸಿತೋ, ನಾನೇ ಕೆಲಸಕ್ಕೆ ಕೈಹಾಕಿದೆ. ಭವಾನಿ ಪೇಠೆಯ ಟಿಂಬರ್ ಮಾರ್ಕೆಟ್ಟಿನ ಕಡೆಯಿಂದ ಕರೆತಂದ ಸುತಾರ ಅಂಚನ್ನು ಕೆರೆದು ನೋಡಿ, "ಕಾಕಾ, ಹಾ ಸಾಗವಾನ್ ಆಹೇ!" ಎಂದ. ನನಗೆ ದಾಂಡೇಲಿಯ ದಿಮ್ಮಿ ಹೊತ್ತು ಧಾರವಾಡಕ್ಕೆ ಬರುತ್ತಿದ್ದ ಲಾರಿಗಳು ನೆನಪಾದವು. ಇಷ್ಟು ವರ್ಷ ಸಾಗುವಾನಿಯನ್ನು ನೂಕಿ ಬೈದಿದ್ದೆ!

"ಊರಿಗೆ ಹೋಗೋರು ಬಾಗಲಾ ಯಾಕ ತಿಕ್ಕಾಕತ್ತೀರಿ?" ಎಂದಳು ಹೆಂಡತಿ. ಉತ್ತರ ಕೊಡಲಿಲ್ಲ.

ಹಳೇ ಬಣ್ಣದಲ್ಲಿ ಸೀಸ ಇರಬಹುದು. ಮನೆಯ ಬಣ್ಣಗಳಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ. ಅದಕ್ಕೇ ಒಣ ಉಜ್ಜಿ ಧೂಳು ಎಬ್ಬಿಸದೆ, ಮೂಗಿಗೆ ಮಾಸ್ಕು ಕಟ್ಟಿ, ಪೇಂಟ್ ರಿಮೂವರ್ ಹಚ್ಚಿ, ಬಣ್ಣ ಸುಕ್ಕುಗಟ್ಟಿದ ಮೇಲೆ ಪಟ್ಟಿಯಿಂದ ಎಬ್ಬಿಸಿದೆ. ಹಸಿರಿನ ಕೆಳಗೆ ಬೂದು, ಬೂದಿನ ಕೆಳಗೆ ಕಂದು. ಆಮೇಲೆ 80, 120, 220ನೇ ನಂಬರಿನ ಪಾಲಿಶ್ ಪೇಪರು, ಮರದ ಎಳೆಯ ಗುಂಟ. ಅಡ್ಡ ಉಜ್ಜಿದರೆ ಗೀರುಗಳು ಎಣ್ಣೆ ಬಿದ್ದಾಗ ಎದ್ದು ಕಾಣುತ್ತವೆ; ಮೊದಲ ದಿನ ನಾನು ಮಾಡಿದ್ದು ಅದನ್ನೇ.

ಅರಗಿನ ಪಾಲಿಶ್ ಹೊಡೆಯೋಣ ಅಂದ ಸುತಾರ. ಕಪಾಟಿಗೆ ಅದು ಚೆಂದ, ಆದರೆ ನೀರು ಬಿದ್ದಲ್ಲಿ ಬಿಳಿ ಕಲೆ ಕೂಡುತ್ತದೆ. ಅಗಸೆ ಎಣ್ಣೆ ತಂದು ತೆಳ್ಳಗೆ ಮೂರು ಸಲ ಹಚ್ಚಿದೆ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಒಗೆದರೆ ತಾನೇ ಕಾದು ಹೊತ್ತಿಕೊಂಡೀತು ಎಂದು ಗ್ಯಾಲರಿಯಲ್ಲಿ ಬಿಡಿಸಿ ಹಾಕಿದೆ.

ಹೊಸ್ತಿಲಿಗೆ ಬಂದಾಗ ಹೆಂಡತಿ ತಡೆದಳು. "ಅದನ್ನ ಮುಟ್ಟಬ್ಯಾಡ್ರಿ." ಅವ್ವ ಕಡೆಯ ವರ್ಷ ನಮ್ಮಲ್ಲೇ ಇದ್ದಳು. ಬಗ್ಗಲಾರದಿದ್ದರೂ ಕೂತು ಸರಿದು ಶುಕ್ರವಾರ ಶುಕ್ರವಾರ ಅರಿಷಿಣ ಹಚ್ಚುತ್ತಿದ್ದಳು; ಸೀಳುಗಳಲ್ಲಿ ಇನ್ನೂ ಒಂದಿಷ್ಟು ಹಳದಿ ಉಳಿದಿದೆ. "ಊರಿಗೆ ಯಾವಾಗ ಹೋಗೂದೋ?" ಎಂದು ಕೇಳುತ್ತಲೇ ಹಚ್ಚುತ್ತಿದ್ದಳು. ಹೊಸ್ತಿಲನ್ನು ಹಾಗೇ ಬಿಟ್ಟೆ.

ಆ ಸಂಜೆ ತಮ್ಮನಿಗೆ ಫೋನು ಮಾಡಿದೆ. "ಮಾಳಿಗಿ ಖೋಲಿ ಬಾಡಿಗಿಗೆ ಕೊಡಪಾ, ನಮ್ಮ ಸಲುವಾಗಿ ಇಡಬ್ಯಾಡ." ಅವನು ತುಸು ಹೊತ್ತು ಮಾತಾಡಲಿಲ್ಲ. ಆಮೇಲೆ, "ಅಣ್ಣಾ, ಯುಗಾದಿಗಾದ್ರೂ ಬರ್ತೀರಲಾ?" ಅಂದ. ಹ್ಞೂಂ ಅಂದೆ. ಬಾಗಿಲಿಗೆ ಒರಗಲು ಹೋದವನು, ಎಣ್ಣೆ ಇನ್ನೂ ಆರಿಲ್ಲವೆಂದು ನೆನಪಾಗಿ ಸರಿದು ನಿಂತೆ.